ಗೋಡೆಯಾಚೆಯ ಗೆಳೆಯನೊಡನೆ ಮಾತು

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಬೋನಸ್ಸಿನ ಪ್ರಶ್ನೆ ಬಿಟ್ಟು ಈ ಸಂಜೆ ಚೀನಾ ದೇಶದ ಮಾತೇಕೆ ಎಂದು ಕೆಲವರು ಬಾಗಿಲಲ್ಲೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಬೋನಸ್ಸಿನ ವಿಷಯ ಮುಂದಿನ ಭಾನುವಾರ ಇದ್ದೇ ಇದೆ. ಇಂದು ನಾವು ಹೇಳಬೇಕೆಂದಿರುವುದು ನಮ್ಮದೇ ಒಂದು ತಪ್ಪಿನ ಕಥೆ, ಆ ತಪ್ಪಿನಿಂದ ಕಲಿತ ಪಾಠ. ನಿಮ್ಮಲ್ಲಿ ಬಹುತೇಕರ ಜೇಬಿನಲ್ಲಿ ಮೊಬೈಲು ಇದೆ. ರಾತ್ರಿ ಹೊದಿಕೆಯೊಳಗೆ ನಿಮ್ಮ ಮಕ್ಕಳು ಯಾವ ದೇಶದವರೊಡನೆ ಹರಟುತ್ತಾರೆಂಬುದು ನಿಮಗೆ ತಿಳಿಯದು. ಆದ್ದರಿಂದ ಇದು ನಿಮ್ಮ ಮನೆಯ ವಿಷಯವೂ ಹೌದು.

ನಾವು ಹಿಂದೆ ಮಾಸ್ತರಿಕೆ ಮಾಡಿದವರೆಂಬುದು ನಿಮಗೆ ಗೊತ್ತು. ಶಾಲೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದರೂ ಕಲಿಸುವ ಚಟ ಹೋಗಲಿಲ್ಲ. ಎರಡು ವರ್ಷಗಳ ಹಿಂದೆ, ಭಾಷೆ ಕಲಿಯುವವರಿಗೆ ಒಬ್ಬರ ಪರಿಚಯ ಒಬ್ಬರಿಗೆ ಮಾಡಿಕೊಡುವ ಒಂದು ಮೊಬೈಲು ಸಾಧನದಲ್ಲಿ ಚೀನಾದ ಒಬ್ಬ ಮನುಷ್ಯ ಸಿಕ್ಕ. ಜೆಜಿಯಾಂಗ್ ಪ್ರಾಂತದ ಒಂದು ಬಟ್ಟೆ ಗಿರಣಿಯಲ್ಲಿ ಮಗ್ಗದ ಮುಂದೆ ದುಡಿಯುವವನು. ಆತನಿಗೆ ಇಂಗ್ಲಿಷ್ ಬೇಕಾಗಿತ್ತು. ನಮಗೆ ಅಲ್ಲಿನ ಸುದ್ದಿಯನ್ನು ಅಲ್ಲಿನ ಕಾರ್ಮಿಕನ ಬಾಯಿಂದಲೇ ಕೇಳಬೇಕಾಗಿತ್ತು. ನಮ್ಮದೂ ಹರಕು ಇಂಗ್ಲಿಷು, ಆತನದೂ ಹರಕು ಇಂಗ್ಲಿಷು. ನಡುವೆ ಅನುವಾದದ ಯಂತ್ರ ದುಭಾಷಿಯಾಯಿತು. ಆತ ನಮ್ಮನ್ನು 'ಲಾವೋಶಿ' ಎಂದು ಕರೆಯುತ್ತಿದ್ದ. ಹಾಗೆಂದರೆ ಮಾಸ್ತರು.

ಹತ್ತು ತಿಂಗಳು ಮಾತನಾಡಿದೆವು. ರಾತ್ರಿ ಪಾಳಿ ಮುಗಿಸಿ ಮಲಗಿದರೂ ಕಿವಿಯಲ್ಲಿ ಮಗ್ಗದ ಸದ್ದು ನಿಲ್ಲುವುದಿಲ್ಲ ಎಂದು ಆತ ಬರೆದಾಗ, ಇದನ್ನು ನಮ್ಮ ಊರಿನ ಗಿರಣಿಯವನೇ ಬರೆದನೇನೋ ಎನ್ನಿಸಿತು. ಆತನ ಮಗಳು ಹಳ್ಳಿಯಲ್ಲಿ ಅಜ್ಜಿಯ ಬಳಿ ಇದ್ದಳು. ಆ ದೇಶದಲ್ಲಿ ಪ್ರತಿಯೊಬ್ಬನ ಮೂಲ ಊರನ್ನು ದಾಖಲೆ ಮಾಡುವ 'ಹುಕೋ' ಎಂಬ ಪದ್ಧತಿಯಿದೆ. ದುಡಿಯಲು ಪಟ್ಟಣಕ್ಕೆ ಬಂದವನ ಮಗುವಿಗೆ ಪಟ್ಟಣದ ಸರ್ಕಾರಿ ಶಾಲೆಯಲ್ಲಿ ಜಾಗ ಸಿಗುವುದು ಕಷ್ಟ. ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಬಂದವರು ಈ ಸಭೆಯಲ್ಲೂ ಇದ್ದೀರಿ.

ಒಮ್ಮೆ ನಮ್ಮ ಬೋನಸ್ಸಿನ ಮಾತು ಬಂತು. ಶೇಕಡಾ 8.33 ಕನಿಷ್ಠ ಬೋನಸ್ಸು ನಮ್ಮ ಕಾಯಿದೆಯಲ್ಲೇ ಇದೆ ಎಂದೆವು. ಅದು ಹೇಗೆ ಬಂತು ಎಂದ. ಸಂಘ ಕಟ್ಟಿ ಹೋರಾಡಿದ್ದರಿಂದ ಬಂತು ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಗಿರಣಿಯ ಹೊರಗೆ ನೀವೆಲ್ಲ ಒಂದೇ ಕಡೆ ಕೂಡಬಹುದೇ?' ಎಂದು ಕೇಳಿದ. ಕೂಡಬಹುದು, ಕೂಡುತ್ತೇವೆ ಎಂದು ಬರೆದೆವು. ಇನ್ನೊಮ್ಮೆ, ನಮ್ಮ ಊರಿಗೆ ಬಂದರೆ ಚಹಾಕ್ಕೆ ಕರೆಯುತ್ತೇವೆ ಎಂದೆವು. ಆತ ನಗುವ ಚಿತ್ರ ಕಳಿಸಿ, ನಮ್ಮಲ್ಲಿ ಚಹಾಕ್ಕೆ ಕರೆದರು ಎಂದರೆ ಪೊಲೀಸರು ಕರೆದರು ಎಂದರ್ಥ ಎಂದು ಬರೆದ. ಬರೆದ ಸ್ವಲ್ಪ ಹೊತ್ತಿಗೆ ಆ ಸಾಲನ್ನು ಅಳಿಸಿದ. ಅದನ್ನು ಕಂಡೂ ನಮಗೆ ಬುದ್ಧಿ ಬರಲಿಲ್ಲ.

ಜೂನ್ 4 ಬಂತು. 1989ರ ಆ ದಿನ ಪೇಕಿಂಗ್ ನಗರದಲ್ಲಿ, ತಿಯನಾನ್ಮೆನ್ ಚೌಕದಲ್ಲಿ ವಾರಗಟ್ಟಲೆ ಕೂತಿದ್ದ ಚಳವಳಿಯನ್ನು ಸೈನ್ಯ ಗುಂಡು ಹಾರಿಸಿ ಮುರಿಯಿತು. ವಿದ್ಯಾರ್ಥಿಗಳ ಹೆಸರನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ವಸಂತದಲ್ಲಿ ಅಲ್ಲಿನ ಕಾರ್ಮಿಕರು ಸರ್ಕಾರಿ ಸಂಘದ ಹೊರಗೆ ತಮ್ಮದೇ ಸ್ವತಂತ್ರ ಒಕ್ಕೂಟ ಕಟ್ಟಿದ್ದರು. ಹಾನ್ ದೊಂಗ್‌ಫಾಂಗ್ ಎಂಬ ರೈಲ್ವೆ ವಿದ್ಯುತ್ ಕೆಲಸಗಾರ ಅದರ ಮುಂದಾಳುಗಳಲ್ಲೊಬ್ಬ. ಇದನ್ನು ಓದಿದ್ದ ನಾವು ಉತ್ಸಾಹದಿಂದ, 'ಇಂದು ಜೂನ್ 4. 1989ರ ಬಗ್ಗೆ ನಿಮ್ಮ ಗಿರಣಿಯವರು ಏನೆನ್ನುತ್ತಾರೆ?' ಎಂದು ಬರೆದೆವು.

'ಇಲ್ಲಿ ಮಳೆ ಬರುತ್ತಿದೆ. ಲಾವೋಶಿ, ಊಟವಾಯಿತೇ?' ಎಂದು ಉತ್ತರ ಬಂತು.

ನಾವು ಮತ್ತೆ ಕೇಳಿದೆವು. ಹುಡುಗ ಉತ್ತರ ಹೇಳುವ ತನಕ ಬಿಡಬಾರದೆಂಬ ಮಾಸ್ತರಿಕೆಯ ಹಟ ಅದು. ಆಮೇಲೆ ಆತನಿಂದ ಒಂದಕ್ಷರವೂ ಬರಲಿಲ್ಲ. ಮೊಬೈಲು ಬದಲಿಸಿರಬಹುದು. ಕೆಲಸ ಬಿಟ್ಟು ಊರಿಗೆ ಹೋಗಿರಬಹುದು. ನಮ್ಮ ಮೇಲೆ ಸಿಟ್ಟಾಗಿರಬಹುದು. ಚಹಾಕ್ಕೆ ಕರೆದೂ ಇರಬಹುದು. ವಿಚಾರಿಸೋಣವೆಂದರೆ ನಮ್ಮ ವಿಚಾರಣೆಯೇ ಆತನಿಗೆ ಇನ್ನೊಂದು ಕುತ್ತಾದೀತೆಂದು ಸುಮ್ಮನಿದ್ದೇವೆ.

ಬಂಧುಗಳೇ, ಆ ಗೋಡೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪ ನೋಡೋಣ. ಫೇಸ್‌ಬುಕ್, ಟ್ವಿಟರ್‌ಗಳನ್ನು 2009ರಲ್ಲೇ ಅಲ್ಲಿ ಮುಚ್ಚಿದರು. ಸರ್ಕಾರದ ಕತ್ತರಿಗೆ ಒಪ್ಪದೆ ಗೂಗಲ್ 2010ರಲ್ಲಿ ತನ್ನ ಶೋಧವನ್ನು ಅಲ್ಲಿಂದ ಎತ್ತಿತು. ಅಡ್ಡದಾರಿಯಲ್ಲಿ ಹೊರಗಿನ ಜಾಲಕ್ಕೆ ಹೋಗುವುದನ್ನು ಆ ಜನ 'ಗೋಡೆ ಹಾರುವುದು' ಎನ್ನುತ್ತಾರೆ. ಒಳಗಿನ ಮಾತುಕತೆಯ ಬಹುಭಾಗ ನಡೆಯುವುದು ನೂರು ಕೋಟಿಗೂ ಮಿಕ್ಕ ಜನ ಬಳಸುವ ವೀಚಾಟ್‌ನಲ್ಲಿ. ಮೊಬೈಲು ನಂಬರು ನಿಜ ಹೆಸರಿನಲ್ಲೇ ಇರಬೇಕು. 2019ರ ಡಿಸೆಂಬರಿನಿಂದ ಹೊಸ ನಂಬರಿಗೆ ಮುಖದ ಚಿತ್ರವನ್ನೂ ಯಂತ್ರಕ್ಕೆ ತೋರಿಸಬೇಕು. ಸುಳ್ಳೆಂದು ತೀರ್ಮಾನವಾದ ಅಪವಾದದ ಮಾತನ್ನು 5,000 ಸಲ ನೋಡಿದರೆ ಇಲ್ಲವೆ 500 ಸಲ ಹಂಚಿದರೆ ಬರೆದವನಿಗೆ ಮೂರು ವರ್ಷದ ತನಕ ಸಜೆಯಾಗಬಹುದೆಂದು 2013ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಪೀಠ ಅರ್ಥ ಹೇಳಿತು. 'ಜಗಳ ತೆಗೆದು ಗದ್ದಲ ಎಬ್ಬಿಸಿದ' ಎಂಬ ಇನ್ನೊಂದು ಅಪರಾಧವಿದೆ. ಆ ಚೀಲದೊಳಗೆ ಯಾವ ಮಾತನ್ನೂ ತುಂಬಬಹುದು.

ನಮ್ಮಲ್ಲಿ 1975ರ ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಯ ಸಂಪಾದಕೀಯದ ಜಾಗ ಖಾಲಿ ಬಂದರೆ, ಇಲ್ಲಿ ಕತ್ತರಿ ಬಿದ್ದಿದೆ ಎಂದು ಓದುಗನಿಗೆ ತಿಳಿಯುತ್ತಿತ್ತು. ಈಗಿನ ಕತ್ತರಿ ಗುರುತು ಬಿಡುವುದಿಲ್ಲ. ಕೆನಡಾದ ಟೊರಾಂಟೋದ ಸಿಟಿಜನ್ ಲ್ಯಾಬ್ ಪರೀಕ್ಷಿಸಿ ಕಂಡದ್ದೇನೆಂದರೆ, ವೀಚಾಟ್‌ನಲ್ಲಿ ನಿಷಿದ್ಧ ಪದಗಳಿರುವ ಸಂದೇಶ ತಲುಪುವುದೇ ಇಲ್ಲ. ತಲುಪಲಿಲ್ಲವೆಂದು ಕಳಿಸಿದವನಿಗೂ ಹೇಳುವುದಿಲ್ಲ, ಪಡೆಯಬೇಕಾದವನಿಗೂ ಹೇಳುವುದಿಲ್ಲ. ಅದೇ ಸಂಸ್ಥೆ 2020ರಲ್ಲಿ ಇನ್ನೊಂದು ಸಂಗತಿ ತೋರಿಸಿತು. ಹೊರದೇಶದ ಖಾತೆದಾರರು ತಮ್ಮತಮ್ಮಲ್ಲೇ ಕಳಿಸಿಕೊಂಡ ಚಿತ್ರ, ಕಾಗದಗಳನ್ನೂ ತಪಾಸಣೆ ಮಾಡಿ, ಒಳಗಿನವರ ಮೇಲಿನ ಕತ್ತರಿಯನ್ನು ಹರಿತ ಮಾಡಲು ಬಳಸುತ್ತಿದ್ದರು. ಅಂದರೆ ಹೊರಗೆ ನಿಂತು ಧೈರ್ಯದಿಂದ ಆಡಿದ ಮಾತು ಕೂಡ ಒಳಗಿನವನ ಗೋಡೆಗೆ ಇಟ್ಟಿಗೆಯಾದೀತು.

ಈ ಕತ್ತರಿ ಕತ್ತರಿಸುವುದೇನನ್ನು? ಸರ್ಕಾರವನ್ನು ಬೈದದ್ದನ್ನೆಲ್ಲ ಕತ್ತರಿಸುತ್ತದೆಂದು ನಾವು ತಿಳಿದಿದ್ದೆವು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ಯಾರಿ ಕಿಂಗ್ ಮತ್ತು ಸಂಗಡಿಗರು ಸುಮಾರು 1,400 ಚೀನೀ ಜಾಲತಾಣಗಳ ಬರಹ ಕೂಡಿಹಾಕಿ 2013ರಲ್ಲಿ ಪ್ರಕಟಿಸಿದ ಶೋಧನೆ ಬೇರೆಯನ್ನೇ ಹೇಳುತ್ತದೆ. ಅಧಿಕಾರಿಗಳನ್ನು ಬೈದ ಎಷ್ಟೋ ಮಾತು ಹಾಗೆಯೇ ಉಳಿದಿದ್ದವು. ಜನ ಒಂದೆಡೆ ಸೇರುವಂತೆ ಮಾಡಬಹುದಾದ ಮಾತನ್ನು, ಅದು ಸರ್ಕಾರವನ್ನು ಹೊಗಳಿದರೂ ಸರಿ, ಅಳಿಸಿದ್ದರು. ಗೊಣಗಬಹುದು, ಕೂಡಬಾರದು. ನಮ್ಮ ಗೆಳೆಯ ಬೋನಸ್ಸಿನ ದಿನ ಕೇಳಿದ ಪ್ರಶ್ನೆಯ ಅರ್ಥ ನಮಗೆ ಆದದ್ದು ಇದನ್ನು ಓದಿದ ಮೇಲೆ.

ಕೆಂಪು ಬಾವುಟದ ಸರ್ಕಾರ ಕಾರ್ಮಿಕರ ಬಾಯಿ ಕಟ್ಟೀತೇ ಎಂದು ಕೇಳುವ ಮಿತ್ರರಿಗೆ ಒಂದೇ ಉದಾಹರಣೆ ಸಾಕು. 2018ರಲ್ಲಿ ಷೆನ್‌ಜೆನ್ ನಗರದ ಜಾಸಿಕ್ ಎಂಬ ಬೆಸುಗೆ ಯಂತ್ರದ ಕಾರ್ಖಾನೆಯಲ್ಲಿ ಕೆಲಸಗಾರರು ಸಂಘ ಕಟ್ಟಹೊರಟರು. ಮುಂದಾದವರನ್ನು ಕೆಲಸದಿಂದ ತೆಗೆದರು. ಜುಲೈ 27ರಂದು ಸುಮಾರು ಮೂವತ್ತು ಜನರನ್ನು ಪೊಲೀಸರು ಹಿಡಿದರು. ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದು, ವಿಶ್ವವಿದ್ಯಾಲಯಗಳಲ್ಲಿ ಮಾರ್ಕ್ಸನನ್ನು ಓದುತ್ತಿದ್ದ ವಿದ್ಯಾರ್ಥಿಗಳು ಬೆಂಬಲಕ್ಕೆ ಬಂದರು. ಆಗಸ್ಟ್ 24ರಂದು ಅವರು ತಂಗಿದ್ದ ಮನೆಗೆ ನುಗ್ಗಿ ಐವತ್ತರಷ್ಟು ಜನರನ್ನು ಹಿಡಿದೊಯ್ದರು. ಬಾವುಟದ ಬಣ್ಣ ನೋಡಿ ಕಣ್ಣು ಮುಚ್ಚಿಕೊಳ್ಳುವುದು ಸಮಾಜವಾದಿಯ ಲಕ್ಷಣವಲ್ಲ.

ಆದರೂ ಆ ಜನ ಮಾತು ಬಿಟ್ಟಿಲ್ಲ. ಜೂನ್ 4 ಎಂದು ಬರೆಯುವಂತಿಲ್ಲವೆಂದು 'ಮೇ 35' ಎಂದು ಬರೆದರು. ಮೇ ತಿಂಗಳ 31ಕ್ಕೆ ನಾಲ್ಕು ಕೂಡಿಸಿ ನೋಡಿ, ಲೆಕ್ಕ ಸಿಗುತ್ತದೆ. ಹೆಂಗಸರು ತಮ್ಮ ಮೇಲಾದ ಅತ್ಯಾಚಾರಗಳನ್ನು ಹೇಳಿಕೊಳ್ಳುವ 'ಮಿ ಟೂ' ಚಳವಳಿಯ ಹೆಸರಿಗೆ 2018ರಲ್ಲಿ ತಡೆ ಬಂದಾಗ, ಅನ್ನದ ಬಟ್ಟಲು ಮತ್ತು ಮೊಲದ ಚಿತ್ರ ಹಾಕಿದರು. ಅವರ ಭಾಷೆಯಲ್ಲಿ ಅಕ್ಕಿ 'ಮಿ', ಮೊಲ 'ತು'. ವುಹಾನಿನ ಕಣ್ಣಿನ ವೈದ್ಯ ಲೀ ವೆನ್‌ಲಿಯಾಂಗ್ 2019ರ ಡಿಸೆಂಬರ್ 30ರಂದು ಹೊಸ ಜ್ವರದ ಬಗ್ಗೆ ಸಹಪಾಠಿಗಳ ಗುಂಪಿಗೆ ಎಚ್ಚರಿಕೆ ಬರೆದರು. ಜನವರಿ 3ರಂದು ಪೊಲೀಸರು ಠಾಣೆಗೆ ಕರೆಸಿ, ಇನ್ನು ಹೀಗೆ ಮಾಡುವುದಿಲ್ಲವೆಂದು ಸಹಿ ಹಾಕಿಸಿದರು. 2020ರ ಫೆಬ್ರವರಿ 7ರಂದು ಅದೇ ಕೊರೋನಾದಿಂದ ಅವರು ತೀರಿಕೊಂಡರು. ಅವರ ಖಾತೆಯ ಕೊನೆಯ ಬರಹದ ಕೆಳಗೆ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಬರೆದಿದ್ದಾರೆ. ಇಂದು ಮಗನಿಗೆ ಕೆಲಸ ಸಿಕ್ಕಿತು, ಇಂದು ಮನಸ್ಸು ಸರಿಯಿಲ್ಲ ಎಂದು ಸತ್ತವರಿಗೆ ಹೇಳಿಕೊಳ್ಳುತ್ತಾರೆ. 2022ರ ನವೆಂಬರಿನಲ್ಲಿ ಉರುಂಚಿ ನಗರದ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಹತ್ತು ಜನ ಸತ್ತಾಗ, ಯುವಕರು ಬೀದಿಗೆ ಬಂದು ಏನೂ ಬರೆಯದ ಬಿಳಿ ಕಾಗದ ಎತ್ತಿ ಹಿಡಿದರು. ಅದರಲ್ಲಿ ಏನಿದೆಯೆಂದು ಪೊಲೀಸರಿಗೂ ಗೊತ್ತಿತ್ತು.

ಅಪರಿಚಿತರೊಡನೆ ಮಾತನಾಡುವುದನ್ನೇ ಒಂದು ಕಸುಬಾಗಿಸಿಕೊಂಡವನೂ ಇದ್ದಾನೆ. ಆಗಲೇ ಹೇಳಿದ ಹಾನ್ ದೊಂಗ್‌ಫಾಂಗ್ ಸೆರೆವಾಸದ ನಂತರ ಹಾಂಗ್‌ಕಾಂಗ್ ಸೇರಿ, ಒಳನಾಡಿನ ಕಾರ್ಮಿಕರೊಡನೆ ಫೋನಿನಲ್ಲಿ ಮಾತನಾಡಿ ಅದನ್ನು ರೇಡಿಯೋದಲ್ಲಿ ಬಿತ್ತರಿಸುತ್ತಿದ್ದ. ಆತ 1994ರಲ್ಲಿ ಸ್ಥಾಪಿಸಿದ ಚೈನಾ ಲೇಬರ್ ಬುಲೆಟಿನ್ ಸಂಸ್ಥೆ 2025ರ ಜೂನ್‌ನಲ್ಲಿ ಮುಚ್ಚಿತು.

ನಮ್ಮ ಮನೆ ಚೊಕ್ಕಟವಾಗಿದೆ ಎಂದು ಬೀಗಬೇಕಾಗಿಲ್ಲ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರಿನಲ್ಲಿ ಒಬ್ಬ ಯುವತಿಯನ್ನು ಬಂದ್ ಬಗ್ಗೆ ಬರೆದದ್ದಕ್ಕೆ, ಇನ್ನೊಬ್ಬಳನ್ನು ಅದನ್ನು ಮೆಚ್ಚಿದ್ದಕ್ಕೆ ಬಂಧಿಸಿದರು. ಆ 66ಎ ಕಲಮನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ್ದು 2015ರ ಮಾರ್ಚ್ 24ರಂದು. 2019ರ ಆಗಸ್ಟಿನಲ್ಲಿ ಕಾಶ್ಮೀರದಲ್ಲಿ ನಿಂತ ವೇಗದ ಇಂಟರ್ನೆಟ್ ಪೂರ್ತಿ ಮರಳಲು ಹದಿನೆಂಟು ತಿಂಗಳು ಹಿಡಿಯಿತು. ವರ್ತಕ ಮಿತ್ರರೇ, ನಿಮ್ಮ ಅಂಗಡಿಯಲ್ಲಿ ಒಂದು ದಿನ ಮೊಬೈಲು ಹಣ ನಿಂತರೆ ಏನಾಗುತ್ತದೆಂದು ಎಣಿಸಿ, ನಂತರ ಹದಿನೆಂಟು ತಿಂಗಳು ಎಣಿಸಿ. ಇಂಟರ್ನೆಟ್ ಮೂಲಕ ಮಾತಾಡುವುದಕ್ಕೂ ವ್ಯಾಪಾರ ಮಾಡುವುದಕ್ಕೂ ಸಂವಿಧಾನದ ರಕ್ಷಣೆಯಿದೆ, ಅದನ್ನು ಅನಿರ್ದಿಷ್ಟ ಕಾಲ ನಿಲ್ಲಿಸಲಾಗದು ಎಂದು 2020ರ ಜನವರಿ 10ರಂದು ಸುಪ್ರೀಂ ಕೋರ್ಟು ಹೇಳಿತು. ವ್ಯತ್ಯಾಸವಿರುವುದು ಇಲ್ಲಿ: ನಾವು ಕೋರ್ಟಿನ ಮೆಟ್ಟಿಲು ಹತ್ತಬಹುದು, ಈ ವಾಚನಾಲಯದಲ್ಲಿ ಕೂಡಬಹುದು. ಇದು ತಾನಾಗಿ ಬಂದದ್ದಲ್ಲ, ಕಾಯದಿದ್ದರೆ ಉಳಿಯುವುದೂ ಇಲ್ಲ.

ಹಾಗಾದರೆ ಅಂಥ ದೇಶದವರೊಡನೆ ಮಾತೇ ಬೇಡವೇ? ಬೇಕು, ಖಂಡಿತ ಬೇಕು. ಮಾತು ನಿಂತರೆ ಗೋಡೆ ಕಟ್ಟಿದವನಿಗೇ ಲಾಭ. ಆದರೆ ನೆನಪಿಡಿ: ಅಲ್ಲಿ ನಾವು ಆಡಿದ ಮಾತಿನ ದಂಡ ಕಟ್ಟುವವನು ಆತ. ನಮಗೆ ಹೆಚ್ಚೆಂದರೆ ಒಬ್ಬ ಗೆಳೆಯ ಹೋದಾನು. ಆತನಿಗೆ ಕೆಲಸ ಹೋದೀತು, ಮನೆಗೆ ಪೊಲೀಸರು ಬಂದಾರು.

ಆದ್ದರಿಂದ ಅಪಾಯದ ಪ್ರಶ್ನೆಯನ್ನು ನಾವು ಮೊದಲು ಎತ್ತಬಾರದು. ಆತ ಬಾಗಿಲು ತೆರೆದಷ್ಟೇ ಒಳಗೆ ಹೋಗಬೇಕು. ಆತ ಮಳೆಯ ಮಾತೆತ್ತಿದರೆ ನಾವೂ ಮಳೆಯ ಮಾತಾಡಬೇಕು. ಅದೇ ಆತನ ಉತ್ತರ. ಆತ ಬರೆದದ್ದರ ಚಿತ್ರ ತೆಗೆದು ಊರಿಗೆಲ್ಲ ಹಂಚಬಾರದು. ನಾವು ಈ ಸಂಜೆ ಹೇಳಿದ ಪ್ರಾಂತದ ಹೆಸರು ಕೂಡ ನಿಜವಾದದ್ದಲ್ಲ, ಬೇಕೆಂದೇ ಬದಲಿಸಿದ್ದೇವೆ. ಎಲ್ಲಕ್ಕಿಂತ ಮುಖ್ಯವಾಗಿ ಆತನಿಗೆ ಸ್ವಾತಂತ್ರ್ಯದ ಪಾಠ ಹೇಳಹೋಗಬಾರದು. ಆತನ ಬಾಳು ಆತನಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಕೂಲಿ, ನಮ್ಮ ಸಂಘ, ನಮ್ಮ ಸೋಲು ಗೆಲುವುಗಳನ್ನು ಇದ್ದದ್ದು ಇದ್ದಂತೆ ಹೇಳಿದರೆ ಸಾಕು. ಹತ್ತು ತಿಂಗಳಲ್ಲಿ ಆತ ತಾನಾಗಿ ಕೇಳಿದ ದೊಡ್ಡ ಪ್ರಶ್ನೆ ಬಂದದ್ದು ನಮ್ಮ ಬೋನಸ್ಸಿನ ಮಾತಿನಿಂದ. ಅದಕ್ಕೆ ಇನ್ನಷ್ಟು ಸಮಾಧಾನದಿಂದ, ವಿವರವಾಗಿ ಉತ್ತರ ಕೊಡಬೇಕಾಗಿತ್ತೆಂದು ಈಗ ಅನ್ನಿಸುತ್ತದೆ.

ಆ ಮಾತುಕತೆ ನಮ್ಮ ಮೊಬೈಲಿನಲ್ಲಿ ಹಾಗೆಯೇ ಇದೆ. ಕೊನೆಯ ಸಾಲು ನಮ್ಮ ಎರಡನೆಯ ಪ್ರಶ್ನೆ. ಆತ ಎಂದಾದರೂ ಬಂದರೆ, ಊಟವಾಯಿತು, ಇಲ್ಲಿಯೂ ಮಳೆಯಾಯಿತು ಎಂದು ಬರೆಯಬೇಕೆಂದಿದ್ದೇವೆ.

ಮುಂದಿನ ಭಾನುವಾರ ಇದೇ ಹೊತ್ತಿಗೆ ಬೋನಸ್ಸಿನ ಸಭೆ. ಎರಡೂ ಪಾಳಿಯವರು ತಪ್ಪದೆ ಬನ್ನಿ.