ನಮ್ಮ ಕೇರಿಯ ಕೋಲಾಹಲ



ಬಾಲ್ಯದ ಸ್ಮರಣೆಗಳನ್ನು ಹೇಳಹೊರಟವರು ತಮ್ಮ ಊರನ್ನು ಸ್ವರ್ಗವನ್ನಾಗಿ ಮಾಡಿಬಿಡುವುದುಂಟು. ಆ ಕಾಲದ ಮಾವು ಹೆಚ್ಚು ಸಿಹಿ, ಆ ಕಾಲದ ಮಳೆ ಹೆಚ್ಚು ತಂಪು ಎಂದು ಅವರ ಅಂಬೋಣ. ನಮಗೆ ಅಂಥ ಸ್ವರ್ಗವೇನೂ ದೊರೆತಿರಲಿಲ್ಲ. ನಾವು ಬೆಳೆದದ್ದು ದಾವಣಗೆರೆಗೂ ಹರಿಹರಕ್ಕೂ ನಡುವೆ, ಭದ್ರಾ ನಾಲೆಯ ಬದಿಯ ಒಂದು ಸಣ್ಣ ಹಳ್ಳಿಯಲ್ಲಿ. ಈಗ ವಾಸವಾಗಿರುವುದು ದಾವಣಗೆರೆಯ ವಿನೋಬನಗರದಲ್ಲಿ. ದಾರಿ ಕೆಲವೇ ಮೈಲಿ. ಕಾಲ ಮಾತ್ರ ಮೂವತ್ತೈದು ವರ್ಷ. 1980ರ ದಶಕದ ಕೊನೆಯಲ್ಲಿ ನಮ್ಮ ಕೇರಿಯ ಮಕ್ಕಳ ಎದೆಯನ್ನು ಕುಣಿಸುತ್ತಿದ್ದ ಕೆಲವು ಪ್ರಸಂಗಗಳನ್ನು ಈ ಸಂಜೆ ನಿಮ್ಮ ಮುಂದಿಡುವುದು ನಮ್ಮ ಉದ್ದೇಶ.

ಮೊದಲನೆಯದು, ನಾಲೆಗೆ ನೀರು ಬರುವ ದಿನ. ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟೆ ಹಾಕಿದ್ದಾರಷ್ಟೆ. ಅದರ ಪೂರ್ಣಮಟ್ಟ 186 ಅಡಿ, ತುಂಬಿದರೆ 71.5 ಟಿ.ಎಂ.ಸಿ. ನೀರು. ಈ ಅಂಕಿಗಳನ್ನು ನಮ್ಮ ಸೀಮೆಯ ರೈತರು ಮಗ್ಗಿಯಂತೆ ಬಲ್ಲರು. ಬೇಸಿಗೆಯ ಬತ್ತಕ್ಕೆ ನೀರು ಬಿಟ್ಟರೆಂಬ ಸುದ್ದಿ ಬಂದರೆ ನಾವು ಹುಡುಗರು ಒಣಗಿದ ನಾಲೆಯ ಏರಿಯ ಮೇಲೆ ಸಾಲಾಗಿ ಕಾಯುತ್ತಿದ್ದೆವು. ಮೊದಲ ನೀರು ತಿಳಿಯಾಗಿ ಬರುವುದಿಲ್ಲ. ನೊರೆಯನ್ನೂ ತರಗೆಲೆಗಳನ್ನೂ ಮುಂದೆ ತಳ್ಳಿಕೊಂಡು, ಬಿರುಕುಗಳಲ್ಲಿ ಅಡಗಿದ್ದ ಚೇಳು, ಹಾವು, ಕಪ್ಪೆಗಳನ್ನು ಎಬ್ಬಿಸಿಕೊಂಡು, ನಡೆಯುವ ಮನುಷ್ಯನ ವೇಗದಲ್ಲಿ ಬರುತ್ತದೆ. ನಾವು ಅದರ ಮುಂದೆ ಕೇಕೆ ಹಾಕುತ್ತ ಊರ ಕಡೆಗೆ ಓಡುತ್ತಿದ್ದೆವು. ಹಿರಿಯರು ಮಾತ್ರ ಕೇಕೆ ಹಾಕುತ್ತಿರಲಿಲ್ಲ. ತೂಬಿನ ಬಳಿ ನಿಂತು, ನೀರು ಎಷ್ಟು ಗೇಣು ಏರಿತೆಂದು ನೀರುಗಂಟಿಯನ್ನು ಮೆಲ್ಲಗೆ ಕೇಳುತ್ತಿದ್ದರು.

ಎರಡನೆಯದು ಜೋಕುಮಾರನ ಆಗಮನ. ಗಣಪತಿ ಕೂತ ಮೇಲೆ, ಭಾದ್ರಪದ ಮಾಸದಲ್ಲಿ, ಹೆಂಗಸರು ಬುಟ್ಟಿಯಲ್ಲಿ ಬೇವಿನ ಸೊಪ್ಪು ಹಾಸಿ, ಬಾಯಿತೆರೆದ ಮಣ್ಣಿನ ಜೋಕುಮಾರನನ್ನು ಕೂರಿಸಿ, ಅವನ ಬಾಯಿಗೆ ಬೆಣ್ಣೆ ಸವರಿ, ಹಾಡುತ್ತ ಮನೆಮನೆಗೂ ಹೊತ್ತು ತರುತ್ತಿದ್ದರು. ಮನೆಯವರು ಮೊರದಲ್ಲಿ ಜೋಳ ನೀಡುವರು. ಏಳು ದಿನದ ಬಾಳು ಮುಗಿಸಿ ಅವನು ಸಾಯುವ ರಾತ್ರಿ ನಾವು ಕಂಬಳಿಯೊಳಗೆ ನಡುಗುತ್ತ ಮಲಗುತ್ತಿದ್ದೆವು. ಆ ಭಯವೂ ಒಂದು ಸುಖವೇ. ಆದರೆ ನಮ್ಮ ಅಜ್ಜಿ ಹೇಳುತ್ತಿದ್ದ ಮಾತು ಬೇರೆ: “ಗಣಪ ಉಂಡು ಹೋಗಿ, ಭೂಲೋಕ ಸುಖವಾಗೈತಿ ಅಂತಾನ. ಜೋಕಪ್ಪ ಹೋಗಿ, ಬಡವರು ಅಳಾಕ ಹತ್ಯಾರ, ಮಳಿ ಕೊಡು ಅಂತ ಶಿವನಿಗೆ ಹೇಳ್ತಾನ.” ಸುಖದ ವರದಿಯನ್ನು ದೊಡ್ಡ ದೇವರು ಒಯ್ಯುತ್ತಾನೆ, ದುಃಖದ ವರದಿಗೆ ಒಬ್ಬ ಅಲ್ಪಾಯುಷಿ ಬೇಕು. ಜನಪದದ ಈ ಕಲ್ಪನೆಗೆ ಸಮನಾದುದನ್ನು ನಾವು ಕಾಲೇಜಿನಲ್ಲಿ ಪಾಠ ಹೇಳುವ ಆಂಗ್ಲ ಕಾವ್ಯಗಳಲ್ಲಿಯೂ ವಿರಳವಾಗಿ ಕಂಡಿದ್ದೇವೆ.

ಮೂರನೆಯದು ದಾವಣಗೆರೆಯ ದುಗ್ಗಮ್ಮನ ಜಾತ್ರೆ. ಇದು ಎರಡು ವರ್ಷಕ್ಕೊಮ್ಮೆ ಬರತಕ್ಕದ್ದು. ನೆಂಟರಿಲ್ಲದ ಮನೆ ಆಗ ಇರುತ್ತಿರಲಿಲ್ಲ. ನಮಗೆ ತೊಟ್ಟಿಲು, ಪೀಪಿ, ಮಂಡಕ್ಕಿ, ಹೊಸ ಅಂಗಿ. ಮನೆಯ ಯಜಮಾನನಿಗೆ ಆ ಅಂಗಿಯ ಸಾಲ.

ಇನ್ನು ಒಂದು ಪ್ರಸಂಗವನ್ನು ಹೇಳಬೇಕು. ಒಂದು ಬೇಸಿಗೆ ನಾಲೆಯ ಮೇಲ್ಭಾಗದಲ್ಲಿ ಪಂಪುಗಳು ನೀರನ್ನು ಎತ್ತಿ, ಕೊನೆಯ ಭಾಗದ ನಮ್ಮ ಊರಿಗೆ ಸರದಿಯ ನೀರು ಮುಟ್ಟಲಿಲ್ಲ. ಬತ್ತ ಹೊಡೆ ಬಿಚ್ಚುವ ಕಾಲ. ಹದಿನೈದು ದಿನ ಕಾದು, ನಮ್ಮ ಕೇರಿಯ ರೈತರೊಬ್ಬರು ತಮ್ಮ ಗದ್ದೆಗೆ ದನಗಳನ್ನು ಬಿಟ್ಟರು. ಬೆಳೆಗೆ ಬಾಯಿ ಹಾಕಿದ ದನವನ್ನು ಹೊಡೆದು ಅಟ್ಟುವುದನ್ನು ಮಾತ್ರ ಕಂಡಿದ್ದ ನಮಗೆ ಇದಕ್ಕಿಂತ ದೊಡ್ಡ ತಮಾಷೆ ಉಂಟೆ? ಊರಿನ ಹುಡುಗರೆಲ್ಲ ಬದುವಿನ ಮೇಲೆ ನೆರೆದು ಕೂಗಿದರು. ಆ ರೈತರು ಯಾರನ್ನೂ ಗದರಿಸಲಿಲ್ಲ. ಬಾರುಕೋಲನ್ನು ಮೊಳಕಾಲಿನ ಮೇಲೆ ಇಟ್ಟುಕೊಂಡು ಕುಳಿತೇ ಇದ್ದರು. ಅವರ ಹೆಂಡತಿ ಗದ್ದೆಗೆ ಬೆನ್ನು ಮಾಡಿ ನಿಂತಿದ್ದರು. ಮುಂದಿನ ವರ್ಷ ಅವರ ಹಿರಿಯ ಮಗ ಶಾಲೆ ಬಿಟ್ಟು ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಕೂಲಿಗೆ ಸೇರಿದನು.

ವಿಚಾರಮಾಡಿ ನೋಡಿದರೆ ನಮಗೆ ತೋರುವುದೇನೆಂದರೆ, ಕೇರಿಯ ಕೋಲಾಹಲಗಳೆಲ್ಲ ಹಿರಿಯರ ಅನ್ನದ ಪ್ರಶ್ನೆಗಳೇ ಆಗಿದ್ದವು. ಒಂದೇ ನೀರು ಮಕ್ಕಳಿಗೆ ಆಟ, ತಂದೆಗೆ ವರ್ಷದ ಲೆಕ್ಕ. ತಮ್ಮ ಅಂಜಿಕೆ ಮಕ್ಕಳ ಸಂತೋಷಕ್ಕೆ ತಗಲದಂತೆ ಅವರು ಮೌನವಾಗಿ ಅಡ್ಡ ನಿಂತರು. ಅದರಿಂದಲೇ ನಮ್ಮ ಬಾಲ್ಯ ಬಾಲ್ಯವಾಗಿ ಉಳಿಯಿತು.

ಆ ಪ್ರಶ್ನೆ ಇನ್ನೂ ತೀರಿಲ್ಲ. 2023ರಲ್ಲಿ ಮಳೆ ಕೊರೆಯಾಗಿ ಭದ್ರಾ ಜಲಾಶಯ ತುಂಬದೆಹೋದಾಗ ದಾವಣಗೆರೆಯ ರೈತರು ನಾಲೆಯ ನೀರಿಗಾಗಿ ಬೀದಿಗೆ ಇಳಿದರು. ನಗರದಲ್ಲಿ ನಲ್ಲಿ ತಿರುಗಿಸಿ ನೀರು ಪಡೆಯುವ ನಾವು ಅದನ್ನು ಪತ್ರಿಕೆಯಲ್ಲಿ ಓದಿ ಮಡಿಸಿಡುವುದು ಸುಲಭ. ಆದರೆ ನಮ್ಮ ತಟ್ಟೆಯ ಅನ್ನ ಬರುವುದು ಆ ನಾಲೆಯ ಕೊನೆಯ ಗದ್ದೆಯಿಂದಲೂ ಹೌದು. ನೀರು ಮೊದಲು ಮುಟ್ಟುವವನು ಕೊನೆಯವನನ್ನು ನೆನೆಯುವಂತಾದರೆ, ತೂಬಿನ ಬಳಿ ನಿಂತ ಹಿರಿಯರೂ ಒಂದು ದಿನ ಮಕ್ಕಳೊಡನೆ ಕೇಕೆ ಹಾಕಿಯಾರು.