ಗಂಟುನೋವಿಗೆ ಬೇರಿನ ಮದ್ದು
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳಗ್ಗೆ ಹಾಲು ಕರೆಯೋಕೆ ಕೂತರೆ ಬೆರಳೇ ಮಡಚೋದಿಲ್ಲ, ಹಿಪ್ಪುನೇರಳೆ ಸೊಪ್ಪು ಕೊಯ್ಯೋಕೆ ಕುಡುಗೋಲು ಹಿಡಿಯೋಕಾಗೋದಿಲ್ಲ ಎಂಬ ಮಾತನ್ನು ನಾವು ಮನೆಮನೆಯಲ್ಲೂ ಕೇಳುತ್ತೇವೆ. ವಯಸ್ಸಾಗಿ ಮಂಡಿ ಸವೆದು ಬರುವ ನೋವು ಬೇರೆ. ಎರಡೂ ಕೈಗಳ ಗೆಣ್ಣು ಊದಿ, ಬೆಳಗಿನ ಬಿಗಿತ ಗಂಟೆಯಾದರೂ ಬಿಡದಿದ್ದರೆ ಅದು ಉರಿಯೂತದ ಸಂಧಿವಾತವಿರಬಹುದು. ದೇಹ ಕಾಯಬೇಕಾದ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇದನ್ನು ಹೋಲುವ ಕಾಯಿಲೆಗೆ ಆಯುರ್ವೇದದಲ್ಲಿ ಆಮವಾತವೆಂದು ಹೆಸರು.

ಇದಕ್ಕೆ ಗಿಡಮೂಲಿಕೆ ನಾಟುತ್ತದೆಯೇ? ಚೀನಾದಲ್ಲಿ 'ಲೇಗೊಂಗ್ ಟೆಂಗ್' ಎಂಬ ಬಳ್ಳಿಯಿದೆ, ಗುಡುಗಿನ ದೇವರ ಬಳ್ಳಿ ಎಂದರ್ಥ. ಅದರ ಬೇರಿನಲ್ಲಿರುವ ಟ್ರಿಪ್ಟೊಲೈಡ್ ಎಂಬ ಅಂಶ ಊತ ಹೆಚ್ಚಿಸುವ ರಾಸಾಯನಿಕಗಳನ್ನು ತಗ್ಗಿಸುತ್ತದೆ. 2014ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 207 ಚೀನೀ ರೋಗಿಗಳನ್ನು ಮೂರು ಗುಂಪು ಮಾಡಿದ್ದರು. 24 ವಾರಗಳಲ್ಲಿ ಕಾಯಿಲೆ ಅರ್ಧದಷ್ಟಾದರೂ ತಗ್ಗಿದವರು, ಮೆಥೊಟ್ರೆಕ್ಸೇಟ್ ಮಾತ್ರೆ ತಿಂದವರಲ್ಲಿ ನೂರಕ್ಕೆ 46, ಬಳ್ಳಿಯ ಔಷಧ ತಿಂದವರಲ್ಲಿ 55, ಎರಡನ್ನೂ ತೆಗೆದುಕೊಂಡವರಲ್ಲಿ 77.

ನಮ್ಮ ನೆರೆಯ ಕೊಯಮತ್ತೂರಿನಲ್ಲೂ 43 ರೋಗಿಗಳ ಮೇಲೆ ಆಯುರ್ವೇದ ಮತ್ತು ಮೆಥೊಟ್ರೆಕ್ಸೇಟ್ ಹೋಲಿಸಿ ನೋಡಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎಲ್ಲ ಗುಂಪುಗಳಿಗೂ ಹೆಚ್ಚುಕಡಿಮೆ ಸಮನಾಗಿ ಗುಣ ಕಂಡಿತ್ತು. ಆದರೆ ಇಷ್ಟು ಸಣ್ಣ ಪರೀಕ್ಷೆಯಿಂದ ಕೊನೆಯ ಮಾತು ಹೇಳಲಾಗದು.

ಬಂಧುಗಳೇ, 'ಬೇರು ತಾನೇ, ಏನಾಗುತ್ತೆ' ಅನ್ನಬೇಡಿ. ಆ ಚೀನೀ ಬಳ್ಳಿಯ ಎಲೆ, ಹೂವು, ಬೇರಿನ ತೊಗಟೆ ವಿಷ. ಹದವರಿತು ಮಾಡಿದ ಔಷಧದಿಂದಲೂ ಹೆಂಗಸರ ಮುಟ್ಟು ನಿಲ್ಲಬಹುದು, ಗಂಡಸರ ಸಂತಾನಶಕ್ತಿ ಕುಂದಬಹುದು. ಕೆಲಸ ಮಾಡುವ ಮದ್ದಿಗೆ ಕೇಡು ಮಾಡುವ ಶಕ್ತಿಯೂ ಇರುತ್ತದೆ. ಹೆಸರಿಲ್ಲದ ಪುಡಿಗಳಲ್ಲಂತೂ ಸ್ಟೀರಾಯ್ಡ್ ಬೆರೆಸಿರುವುದುಂಟು. ಎರಡೇ ದಿನಕ್ಕೆ ನೋವು ಹಾರಿಹೋಯಿತೆಂದು ಹಿಗ್ಗುತ್ತೇವೆ; ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸೊರಗುತ್ತದೆ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಊತ ಕಂಡ ಮೊದಲ ತಿಂಗಳಲ್ಲೇ ವೈದ್ಯರಿಗೆ ತೋರಿಸಿ. ಒಮ್ಮೆ ಸೊಟ್ಟಗಾದ ಕೀಲು ಮತ್ತೆ ನೆಟ್ಟಗಾಗುವುದು ಕಷ್ಟ. ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ಅದು ವಾರಕ್ಕೊಮ್ಮೆ ತಿನ್ನುವ ಮಾತ್ರೆ, ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಗಿಡಮೂಲಿಕೆ ಬೇಕೆನಿಸಿದರೆ ಓದಿದ ಆಯುರ್ವೇದ ವೈದ್ಯರಲ್ಲಿ ಕೇಳಿ, ಇಬ್ಬರು ವೈದ್ಯರಿಗೂ ತಿಳಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಫ್ಯಾಟ್ ನೋಡದೆ ಒಂದು ಲೀಟರ್ ಹಾಲಿಗೂ ದರ ಕಟ್ಟದ ನಾವು, ಏನಿದೆಯೆಂದು ನೋಡದೆ ಪುಡಿ ನುಂಗುವುದು ಸರಿಯೇ? ಯೋಚಿಸಿ.