ಹುಣಸೆಮರದ ನಷ್ಟ ಯಾರ ಲೆಕ್ಕಕ್ಕೆ?

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಹಿತ್ತಲಲ್ಲೇ ದೊಡ್ಡ ದೊಡ್ಡ ಹುಣಸೆಮರಗಳಿವೆ. ಸಂಕ್ರಾಂತಿ ಕಳೆದ ಮೇಲೆ ಹುಣಸೆಹಣ್ಣು ಬಡಿಯೋ ಕಾಲ. ಸರಿಯಾಗಿ ಅದೇ ತಿಂಗಳುಗಳಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್), ಬಣ್ಣದ ಕೊಕ್ಕರೆಗಳು ಆ ಮರಗಳ ಮೇಲೆ ಗೂಡು ಕಟ್ಟಿ ಮರಿ ಮಾಡಿರ್ತವೆ. ಕೋಲು ಹಾಕಿ ಬಡಿದರೆ ಮರಿ ಕೆಳಗೆ ಬೀಳುತ್ತೆ. ಬಡೀದೆ ಬಿಟ್ಟರೆ ಹಿಕ್ಕೆ ಬಿದ್ದು ಫಸಲು ಹಾಳಾಗುತ್ತೆ. ಈ ಊರಿನವರು ತಲೆಮಾರುಗಳಿಂದ ಬಡೀದೆ ಬಿಟ್ಟಿದ್ದಾರೆ.

ಪರಿಸರ ನ್ಯಾಯ ಅಂದ್ರೆ ಏನು ಅಂತ ಕೇಳೋರಿಗೆ ನಾನು ಮೊದಲು ಹೇಳೋದು ಈ ಮರದ ಕಥೆ. ಹೆಜ್ಜಾರ್ಲೆ ಉಳಿದರೆ ಅದು ಇಡೀ ದೇಶದ ಸಂಪತ್ತು. ಆದರೆ ಫಸಲು ಹೋಗೋದು ಒಬ್ಬ ರೈತನದ್ದು. ಆ ನಷ್ಟ ಯಾರು ತುಂಬಿಕೊಡಬೇಕು? ತೀರ್ಮಾನ ಮಾಡುವಾಗ ಆ ಮನೆಯವರನ್ನ ಒಂದು ಮಾತು ಕೇಳ್ತೀವಾ?

ಊರಿನ ಹಿರಿಯರು ಹೇಳೋದು ಹೀಗೆ: ಮೊದಲು ಊರು ಶಿಂಷಾ ನದಿಯ ಹತ್ತಿರ ಬೇರೆ ಕಡೆ ಇತ್ತು, ಪ್ಲೇಗು ಬಂದಾಗ ಜನ ಈ ಜಾಗಕ್ಕೆ ಬಂದರು, ಹಕ್ಕಿಗಳೂ ಅವರ ಹಿಂದೆಯೇ ಬಂದವು. ಬಾಣಂತನಕ್ಕೆ ತವರಿಗೆ ಬರೋ ಮಗಳ ಹಾಗೆ ಇವು ಅಂತ ಇಲ್ಲಿನ ಹೆಂಗಸರು ಅಂತಾರೆ. ಮಗಳು ಬಂದಾಗ ಖರ್ಚಿನ ಲೆಕ್ಕ ಯಾರೂ ಬರೆದಿಡಲ್ಲ, ನಿಜ. ಆದರೆ ಆ ಪ್ರೀತಿಯನ್ನೇ ನೆಪ ಮಾಡಿಕೊಂಡು ಸರ್ಕಾರವೂ ಲೆಕ್ಕ ಮರೆತರೆ ಅದು ಅನ್ಯಾಯ.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಹಕ್ಕಿಧಾಮವನ್ನ ಹೊರಜಗತ್ತಿಗೆ ತೋರಿಸಿಕೊಟ್ಟರು. ಆಮೇಲೆ ಗೂಡು ಕಟ್ಟಿದ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡೋದಕ್ಕೆ ಶುರು ಮಾಡ್ತು. ಒಳ್ಳೇ ಹೆಜ್ಜೆ. ಆದರೆ ಹುಣಸೆಹಣ್ಣಿನ ಬೆಲೆ ಏರಿದ ಹಾಗೆ ಪರಿಹಾರವೂ ಏರಬೇಕು, ವೇಳೆಗೆ ಸರಿಯಾಗಿ ಕೈಗೆ ಸೇರಬೇಕು. ಇಲ್ಲದಿದ್ದರೆ ಮರ ಕಡಿದು ಮಾರೋದೇ ಲಾಭ ಅನ್ನಿಸುತ್ತೆ. ಮರ ಹೋದರೆ ಗೂಡೂ ಹೋಯ್ತು.

1990ರ ದಶಕದಲ್ಲಿ ಊರಿನ ಹುಡುಗರು ಮೈಸೂರಿನ ಪರಿಸರಾಸಕ್ತರ ಜೊತೆ ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿಂದ ಬಿದ್ದ ಮರಿಗಳನ್ನ ತಂದು, ಬಲೆ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ಹಾರೋ ಶಕ್ತಿ ಬಂದ ಮೇಲೆ ಬಿಟ್ಟುಬಿಡ್ತಾರೆ. 2007ರಲ್ಲಿ ಈ ಜಾಗ ‘ಸಮುದಾಯ ಮೀಸಲು ಪ್ರದೇಶ’ ಆಯ್ತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಬಂದ ವ್ಯವಸ್ಥೆ ಇದು. ಇದರಲ್ಲಿ ಜಮೀನು ಜನರ ಹೆಸರಲ್ಲೇ ಇರುತ್ತೆ, ಯಾರನ್ನೂ ಒಕ್ಕಲೆಬ್ಬಿಸಲ್ಲ, ನಿರ್ವಹಣಾ ಸಮಿತಿಯಲ್ಲಿ ಊರಿನವರೇ ಕೂರ್ತಾರೆ. ಕಾಡು ಉಳಿಸೋದಕ್ಕೆ ಜನರನ್ನ ಆಚೆ ಹಾಕಿದ ಕಥೆಗಳನ್ನ ಬೇಕಾದಷ್ಟು ಕೇಳಿದ್ದೀವಿ. ಅವುಗಳ ಎದುರು ಈ ಕಾನೂನು ನನಗೆ ದೊಡ್ಡದಾಗಿ ಕಾಣುತ್ತೆ.

ಆದರೆ ಮರ ಕಾದರೆ ಸಾಲದು. 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸಾಯತೊಡಗಿದವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಜಂತುಹುಳ ಸಿಕ್ಕವು. ಹಕ್ಕಿಗಳ ಊಟ ಶಿಂಷಾ ನದಿಯ, ಸುತ್ತಲಿನ ಕೆರೆಗಳ ಮೀನು. ಆ ನೀರು ಕೆಟ್ಟರೆ, ಬತ್ತಿದರೆ ಬೆಳ್ಳೂರಿನವರು ಎಷ್ಟು ಪ್ರೀತಿ ಮಾಡಿದರೂ ಹಕ್ಕಿ ಉಳಿಯಲ್ಲ. ನೀರಿನ ಜವಾಬ್ದಾರಿ ಒಂದು ಊರಿನ ಹೆಗಲ ಮೇಲೆ ಹಾಕೋಕಾಗಲ್ಲ.

ಈ ಜಿಲ್ಲೆಯ ನೀರಿನ ಮಾತು ಎತ್ತಿದರೆ ಕನ್ನಂಬಾಡಿ ಕಟ್ಟೆಗೇ, ಅಂದ್ರೆ ಕೆ.ಆರ್.ಎಸ್. ಅಣೆಕಟ್ಟೆಗೇ ಹೋಗಬೇಕು. ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯೋದು ಅಲ್ಲಿಂದ. ಆ ಕಟ್ಟೆ ಸಿಮೆಂಟಿನದ್ದಲ್ಲ, ಸುಣ್ಣ-ಇಟ್ಟಿಗೆಪುಡಿಯ ಸುರ್ಕಿ ಗಾರೆಯದ್ದು; ಹತ್ತಿರದಲ್ಲಿ ಬಂಡೆ ಸಿಡಿಸಿದರೆ ಅದಕ್ಕೆ ಧಕ್ಕೆ ಅನ್ನೋದು ರೈತರ ಭಯ. ಅದಕ್ಕೆ ಹತ್ತಿರದಲ್ಲೇ, ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲು ಗಣಿಗಳಲ್ಲಿ ಬಂಡೆ ಸಿಡಿಸ್ತಿದ್ರು. 2018ರ ಸೆಪ್ಟೆಂಬರ್‌ನಲ್ಲಿ ಭಾರೀ ಸದ್ದು ಕೇಳಿಸಿದಾಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೇ ಗಣಿ ನಿಲ್ಲಿಸಿ ಅಂತ ಬರೀತು. 2022ರಲ್ಲಿ ಪರೀಕ್ಷಾರ್ಥ ಸ್ಫೋಟಕ್ಕೆ ತಂಡ ಬಂದಾಗ ರೈತರು ಬೀದಿಗಿಳಿದು ತಡೆದರು. ಕಟ್ಟೆಗೆ ಅಪಾಯ ಇದೆಯಾ ಅಂತ ನೋಡೋದಕ್ಕೆ ಕಟ್ಟೆ ಪಕ್ಕದಲ್ಲೇ ಸಿಡಿಮದ್ದು ಸಿಡಿಸೋದು ಯಾವ ನ್ಯಾಯ ಅಂತ ಅವರ ಪ್ರಶ್ನೆ. 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆಗೆ ತಡೆ ಹಾಕಿತು. ರೈತರು ರೊಚ್ಚಿಗೇಳದೆ ಇದ್ದಿದ್ದರೆ ವಿಷಯ ಇಲ್ಲಿಗೆ ಬರ್ತಿತ್ತಾ? ನನಗಂತೂ ಅನುಮಾನ.

ಕೊನೆಗೊಂದು ಕೋರಿಕೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ನಿಮ್ಮ ಗ್ರಾಮ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಮರ, ಕೆರೆ, ಹಕ್ಕಿಗಳ ದಾಖಲಾತಿ ಪುಸ್ತಕ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಪುಸ್ತಕ ತೋರಿಸಿ ಅಂತ ಕೇಳಿ. ಅದರಲ್ಲಿ ನಿಮ್ಮೂರ ಕೆರೆಯ ಹೆಸರಿಲ್ಲದಿದ್ದರೆ ಅಲ್ಲೇ ಬರೆಸಿ.